ಮಗಳಿಗೊಂದು ಪತ್ರ: ಕೊನೆಯ ಕಾಟೇಜಿನ ಬಾಗಿಲು

ಮಡಿಕೇರಿ
ಜೂನ್ ಕೊನೆಯ ವಾರ

ಪುಟ್ಟಿ,

ನೀನು ಫೋನ್ ತೆಗೆಯುತ್ತಿಲ್ಲ. ಆ ಕಣಿವೆಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ ಎಂದು ನಿನ್ನ ಅಮ್ಮ ಸಮಜಾಯಿಷಿ ಹೇಳುತ್ತಾಳೆ. ಹಾಗಾದರೆ ಮಂಗಳವಾರ ಅವಳ ಮೊಬೈಲಿಗೆ ಮಾತ್ರ ಅದು ಹೇಗೆ ಸಿಕ್ಕಿತು ಎಂದು ನಾನು ಕೇಳಲು ಹೋಗಲಿಲ್ಲ. ನಿಮ್ಮ ಜೀಪು ತರಕಾರಿಗೆಂದು ಮಡಿಕೇರಿಗೆ ಬರುತ್ತದಲ್ಲ, ಅದರ ಚಾಲಕನ ಕೈಯಲ್ಲಿ ಈ ಕಾಗದ ಕೊಟ್ಟು ಕಳುಹಿಸುತ್ತೇನೆ. ಒಳ್ಳೆಯ ಹುಡುಗ. ಪ್ರತಿ ತಿರುವಿನಲ್ಲೂ ಹಾರ್ನ್ ಮಾಡುತ್ತಾನೆ.

ಊಟದ ಮೇಜಿನಲ್ಲಿ ನಡೆದದ್ದನ್ನು ಮತ್ತೆ ಬರೆಯುವುದಿಲ್ಲ, ನೀನೂ ಅಲ್ಲೇ ಇದ್ದೆ. ನಿನ್ನ ಮಾಲೀಕರ ಎದುರಿಗೆ, ಬೇರೆ ಅತಿಥಿಗಳು ಕಡಂಬುಟ್ಟು ತಿನ್ನುತ್ತಿರುವಾಗ ಕೊನೆಯ ಕಾಟೇಜಿನ ಹಿಂದಿನ ಬರೆ, ಅಂದರೆ ಗುಡ್ಡ ಕಡಿದು ಬಿಟ್ಟ ಆ ನೆಟ್ಟನೆಯ ಮಣ್ಣು, ಕುಸಿಯಬಹುದೆಂಬ ಮಾತು ತೆಗೆಯಬಾರದಿತ್ತು ಎಂಬುದು ಅಮ್ಮನ ಅಭಿಪ್ರಾಯ. ಅವಳ ಪರವಾಗಿ ಕ್ಷಮೆ ಕೇಳುತ್ತೇನೆ. ನನ್ನ ಪರವಾಗಿ ಕೇಳಲು ಇನ್ನೂ ಸ್ವಲ್ಪ ಕಾಲ ಬೇಕು.

ಒಂದು ಮಾತು ಹೇಳಿಬಿಡುತ್ತೇನೆ: ನಿಮ್ಮ ಇಕೋ ಲಾಡ್ಜಿನಲ್ಲಿ ನನಗೆ ಬಹಳ ಚೆನ್ನಾಗಿ ನಿದ್ದೆ ಬಂತು. ಮಳೆಕಾಡಿನೊಳಗೆ ತಂಗುವುದೆಂದರೆ ಇಂಬಳ, ಸೊಳ್ಳೆ, ಒದ್ದೆ ಹಾಸಿಗೆ ಎಂದುಕೊಂಡು ಉಪ್ಪಿನ ಪೊಟ್ಟಣ, ಹೊಗೆಸೊಪ್ಪು, ಕಂಬಳಿ ಎಲ್ಲ ಕಟ್ಟಿಕೊಂಡು ಬಂದಿದ್ದೆ. ಕಂಬಳಿ ಬಿಚ್ಚಲೇ ಇಲ್ಲ. ನಲ್ಲಿ ಯಾವಾಗ ತಿರುಗಿಸಿದರೂ ಬಿಸಿನೀರು. ಬೆಳಿಗ್ಗೆ ಸಿಳ್ಳು ಹಾಕುವ ಆ ನೀಲಿ ಹಕ್ಕಿಗೆ ಮಾತ್ರ ನಾನು ನಿವೃತ್ತನಾಗಿದ್ದೇನೆ ಎಂದು ಯಾರಾದರೂ ತಿಳಿಸಬೇಕು. ಅದು ಎಬ್ಬಿಸಿದ ಮೇಲೆ ನಾನು ತೊರೆಯ ಕಡೆ ಇಳಿದು ನಿಮ್ಮ ಟರ್ಬೈನು ನೋಡಿ ಬಂದದ್ದು ನಿನಗೆ ಗೊತ್ತಿಲ್ಲ. ತೊರೆಯ ನೀರನ್ನು ಪೈಪಿನಲ್ಲಿ ಇಳಿಸಿ, ಅಷ್ಟು ಸಣ್ಣ ಚಕ್ರ ತಿರುಗಿಸಿ, ಎಲ್ಲ ಕಾಟೇಜಿಗೂ ಬೆಳಕು. ಮಳೆಗಾಲದಲ್ಲಿ ನೀರಿನಿಂದ, ಬೇಸಿಗೆಯಲ್ಲಿ ಬಿಸಿಲಿನಿಂದ. ಇಷ್ಟೆಲ್ಲ ಲೆಕ್ಕ ಹಾಕಬಲ್ಲ ಮನುಷ್ಯ ಬರೆಯ ವಿಷಯದಲ್ಲಿ ಏಕೆ ಹಾಗೆ ಎಂಬುದೇ ನನ್ನ ಸಿಟ್ಟು. ದಡ್ಡರ ಮೇಲೆ ನನಗೆ ಇಷ್ಟು ಸಿಟ್ಟು ಬರುವುದಿಲ್ಲ.

ಇನ್ನೂ ಒಂದು. ರಾತ್ರಿ ನೀನು ಅತಿಥಿಗಳನ್ನು ಕಾಡಿನೊಳಗೆ ಕರೆದೊಯ್ದಾಗ ನಾನು ಸಾಲಿನ ಕೊನೆಯಲ್ಲಿದ್ದೆ. ಎಲೆಯ ಮೇಲೆ ಕುಳಿತ ಉಗುರಿನಷ್ಟು ಕಪ್ಪೆಯನ್ನು ತೋರಿಸಿ, ಈ ಜಾತಿಯದು ಗೊದಮೊಟ್ಟೆಯಾಗಿ ನೀರಿನಲ್ಲಿ ಈಜುವುದೇ ಇಲ್ಲ, ಮೊಟ್ಟೆಯೊಳಗೇ ಪೂರ್ತಿ ಬೆಳೆದು ಮರಿಗಪ್ಪೆಯಾಗಿ ಹೊರಬರುತ್ತದೆ ಎಂದೆ. 2012ರಲ್ಲಿ ಯುನೆಸ್ಕೊ ಪಶ್ಚಿಮ ಘಟ್ಟವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದನ್ನು ಹೇಳುವಾಗ ಬ್ರಹ್ಮಗಿರಿ, ತಲಕಾವೇರಿ, ಪುಷ್ಪಗಿರಿ ಎಂದು ಮನೆಯ ಹಿರಿಯರ ಹೆಸರು ಹೇಳುವ ಹಾಗೆ ಹೇಳಿದೆ. ಆಮೇಲೆ ಎಲ್ಲರಿಗೂ ಟಾರ್ಚು ಆರಿಸಲು ಹೇಳಿದೆ. ಬೆಂಗಳೂರಿನಿಂದ ಬಂದಿದ್ದ ಆ ಮಾತಿನಮಲ್ಲ ಕೂಡ ಬಾಯಿ ಮುಚ್ಚಿದ. ಕತ್ತಲೆಗೆ ಕಣ್ಣು ಹೊಂದಿಕೊಂಡ ಮೇಲೆ ಬಿದ್ದ ಮರದ ಉದ್ದಕ್ಕೂ ಹಸಿರು ಬೆಳಕು ಕಾಣಿಸಿತು. ಕೊಳೆತ ಮರ ತಿಂದು ಬದುಕುವ ಅಣಬೆ, ಮಳೆಗಾಲದ ತೇವ ಬೇಕು ಅದಕ್ಕೆ, ಎಂದು ವಿವರಿಸಿದೆ. ಇಷ್ಟು ವರ್ಷ ಇದೇ ಜಿಲ್ಲೆಯ ಮಳೆಯಲ್ಲಿ ರಾತ್ರಿಯೆಲ್ಲ ರಸ್ತೆ ಕಾದವನು ನಾನು, ಅದನ್ನು ಒಮ್ಮೆಯೂ ನೋಡಿರಲಿಲ್ಲ. ಕೈಯಲ್ಲಿ ಯಾವಾಗಲೂ ಟಾರ್ಚು ಉರಿಯುತ್ತಿತ್ತು. ಪೊನ್ನಂಪೇಟೆಯ ಅರಣ್ಯ ಕಾಲೇಜಿಗೆ ನೀನು ಸೇರಿದಾಗ ಎಂಜಿನಿಯರಿಂಗ್ ಬಿಟ್ಟು ಇದೆಂಥ ಓದು ಎಂದ ನೆಂಟರನ್ನೆಲ್ಲ ಅವತ್ತು ಅಲ್ಲಿ ಸಾಲಾಗಿ ನಿಲ್ಲಿಸಬೇಕಿತ್ತು ಅನ್ನಿಸಿತು. ಅವರಲ್ಲಿ ನಾನೂ ಒಬ್ಬ ಎಂದು ನೀನು ನೆನಪಿಸುವ ಅಗತ್ಯವಿಲ್ಲ.

ಈಗ ಬರೆಯ ವಿಷಯ.

ಆ ಕಣಿವೆ ಒಂದು ಕಾಲದಲ್ಲಿ ಏಲಕ್ಕಿ ತೋಟವಾಗಿತ್ತು, ಕಟ್ಟೆ ರೋಗ ಬಂದು ಬುಡ ಬುಡವೇ ಹೋದ ಮೇಲೆ ಬಿಟ್ಟುಬಿಟ್ಟರು ಎಂದು ನಿನ್ನ ಮಾಲೀಕರು ಹೇಳಿದರು. ಏಲಕ್ಕಿಗೆ ನೆರಳು ಬೇಕಾದ್ದರಿಂದ ಹಿಂದಿನವರು ದೊಡ್ಡ ಮರಗಳನ್ನು ಉಳಿಸಿಕೊಂಡಿದ್ದರು, ಹಾಗಾಗಿ ಕಾಡು ಬೇಗ ಮರಳಿತು ಎಂದೂ ಹೇಳಿದರು. ನಂಬುವಂಥ ಮಾತು. ಕಾಡು ತಾನಾಗಿ ಬಂತು. ಕಾಟೇಜಿಗೆ ಬೇಕಾದ ಸಮತಟ್ಟು ಜಾಗ ತಾನಾಗಿ ಬರಲಿಲ್ಲ, ಅದಕ್ಕೆ ಜೆಸಿಬಿ ಬಂತು. ತೊರೆಯ ಪಕ್ಕದ ಹಳೆಯ ಕಾಟೇಜುಗಳು ಕಂಬದ ಮೇಲೆ ನಿಂತಿವೆ. ಗುಡ್ಡ ಇದ್ದ ಹಾಗೇ ಇದೆ, ನೀರು ಕೆಳಗೆ ತನ್ನ ಪಾಡಿಗೆ ಹರಿದು ಹೋಗುತ್ತದೆ. ಅವನ್ನು ಕಟ್ಟಿಸಿದ ಕೈಗೆ ನಮಸ್ಕಾರ. ಕೊನೆಯದೊಂದು ಮಾತ್ರ ಗುಡ್ಡ ಕಡಿದು ಕೂರಿಸಿದ್ದು. ಹಿಂದೆ ಎರಡಾಳು ಎತ್ತರದ ಬರೆ, ಗೋಡೆಯಷ್ಟು ನೆಟ್ಟಗೆ. ತಡೆಗೋಡೆ ಇಲ್ಲ. ಮೇಲಿನ ನೀರನ್ನು ಆಚೆ ತಿರುಗಿಸಲು ಚರಂಡಿ ಇಲ್ಲ. ಬರೆಯ ತುಂಬ ಜರಿಗಿಡ ಬೆಳೆದು ಎಷ್ಟು ಚೆಂದ ಕಾಣುತ್ತದೆ ನೋಡಿ ಅಪ್ಪ ಎಂದೆ. ಜರಿಗಿಡ ಅಷ್ಟು ಸೊಂಪಾಗಿ ಬೆಳೆಯಬೇಕಾದರೆ ಮಣ್ಣಿನೊಳಗಿಂದ ನೀರು ಜಿನುಗುತ್ತಿರಬೇಕು, ಅರಣ್ಯಶಾಸ್ತ್ರ ಓದಿದವಳಿಗೆ ನಾನು ಹೇಳಬೇಕೇ?

ಆ ಕಾಟೇಜನ್ನು ಅತಿಥಿಗಳಿಗೆ ಕೊಡುವುದಿಲ್ಲವಂತೆ. ಜುಲೈ ಒಂದರಿಂದ ಅದು ವ್ಯವಸ್ಥಾಪಕಿಯ ವಸತಿ.

ಅದರ ಬಚ್ಚಲುಮನೆಯ ಬಾಗಿಲು ನೆಲಕ್ಕೆ ಉಜ್ಜುತ್ತದೆ. ನಾನು ಹಾಕಿ ತೆಗೆದು, ಮತ್ತೆ ಹಾಕಿ ನೋಡುತ್ತಿದ್ದೆ. ನೀನು ನಕ್ಕು, "ಮಳೆಗಾಲ ಅಪ್ಪ, ಮರ ಉಬ್ಬಿದೆ" ಎಂದೆ. ಊಟದ ಮೇಜಿನಲ್ಲಿ ನಾನು ಆಡಿದ ಮಾತೆಲ್ಲ ಹೊರಟದ್ದು ಅಲ್ಲಿಂದ.

2018ರ ಆಗಸ್ಟ್‌ನಲ್ಲಿ ನಮ್ಮ ಜಿಲ್ಲೆಯ ಗುಡ್ಡಗಳು ಕುಸಿದದ್ದರ ಬಗ್ಗೆ ನಿನಗೆ ಹೊಸದಾಗಿ ಹೇಳುವುದಿಲ್ಲ. ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ, ನಮ್ಮ ಹಜಾರದಲ್ಲಿ ಮಲಗಿದ್ದ ನೆಂಟರು, ನೀನು ಪರಿಹಾರ ಕೇಂದ್ರದಲ್ಲಿ ಬಡಿಸಿದ್ದು, ಎಲ್ಲ ಬಿಡು. ನಾನು ಹೇಳುತ್ತಿರುವುದು ಸ್ವಾತಂತ್ರ್ಯ ದಿನಕ್ಕೂ ಸ್ವಲ್ಪ ಮೊದಲಿನದು. ಮಾದಾಪುರದ ಕಡೆ ರಸ್ತೆಯ ಅಂಚು ಕುಸಿದಿದೆ ಎಂದು ನೋಡಲು ಹೋಗಿದ್ದೆ. ತಿರುವಿನ ಮೇಲೊಂದು ಮನೆ. ಯಜಮಾನರು ಕರೆದು ಕಾಫಿ ಕೊಟ್ಟರು. ಜಗಲಿಯಲ್ಲಿ ಬಡಗಿಯೊಬ್ಬ ಮುಂಬಾಗಿಲನ್ನು ಬಿಜಾಗರಿಯಿಂದ ಬಿಡಿಸಿ, ಅಡ್ಡ ಮಲಗಿಸಿಕೊಂಡು ಕೀಸುಳಿ ಹೊಡೆಯುತ್ತಿದ್ದ. "ಮಳೆಗೆ ಉಬ್ಬಿದೆ ಸರ್, ಹಾಕಿಕೊಳ್ಳುವುದೇ ಇಲ್ಲ" ಎಂದರು ಯಜಮಾನರು. ಬೀಟೆ ಮರದ ಬಾಗಿಲು, ಅವರ ಅಜ್ಜನ ಕಾಲದ್ದು. ಅಷ್ಟು ಮಳೆಗಾಲ ಕಂಡ ಬೀಟೆ ಆ ವರ್ಷ ಮಾತ್ರ ಏಕೆ ಉಬ್ಬಬೇಕು? ಆ ಪ್ರಶ್ನೆ ನನಗೆ ಆಗ ಹೊಳೆಯಲಿಲ್ಲ. ಯಾರಿಗೂ ಹೊಳೆಯುವಂಥದ್ದಲ್ಲ ಬಿಡು, ಆ ಮಳೆಯಲ್ಲಿ ಜಿಲ್ಲೆಯ ಅರ್ಧ ಬಾಗಿಲುಗಳು ಉಜ್ಜುತ್ತಿದ್ದವು. ನಾನು ಕಾಫಿ ಕುಡಿದೆ, ರಸ್ತೆಯ ಬಿರುಕು ಅಳೆದೆ, ರಸ್ತೆಯ ಬಗ್ಗೆ ಡೈರಿಯಲ್ಲಿ ಬರೆದುಕೊಂಡೆ.

ಕೀಸುಳಿಯ ಹೊಟ್ಟು ಎಲ್ಲಿ ಬಿದ್ದಿತ್ತು ಎಂಬುದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಬಾಗಿಲಿನ ಅಡಿಯ ಒಂದೇ ಮೂಲೆಯಲ್ಲಿ, ಚಿಲಕದ ಕಡೆ. ಬಡಗಿ ಕೆತ್ತುತ್ತಿದ್ದುದು ಅಲ್ಲಿ ಮಾತ್ರ. ಮರ ಉಬ್ಬಿದರೆ ಅಂಚಿನ ಉದ್ದಕ್ಕೂ ಬಿಗಿಯುತ್ತದೆ ಪುಟ್ಟಿ. ಒಂದು ಮೂಲೆ ತಾಗಿ, ಇನ್ನೊಂದು ಮೂಲೆಯಲ್ಲಿ ಸಂದು ಬಿಟ್ಟುಕೊಂಡರೆ ಸೊಟ್ಟಗಾದದ್ದು ಚೌಕಟ್ಟು. ಚೌಕಟ್ಟು ಸೊಟ್ಟಗಾದರೆ ಗೋಡೆ ಜರುಗಿದೆ, ಗೋಡೆ ಜರುಗಿದರೆ ಅಡಿಪಾಯ, ಅಡಿಪಾಯ ಜರುಗಿದರೆ ಗುಡ್ಡ. ಗುಡ್ಡ ಹೊರಡುವುದಕ್ಕೆ ಮೊದಲು ಬಾಗಿಲಿಗೆ ಹೇಳಿತ್ತು. ಬಡಗಿ ಅದನ್ನು ನೀಟಾಗಿ ಕೆತ್ತಿ ತೆಗೆದ.

ಆ ಮನೆ ಹೋಯಿತು. ಮನೆಯವರು ಉಳಿದರು, ಹಿಂದಿನ ಸಂಜೆ ಮಗಳ ಮನೆಗೆ ಹೋಗಿದ್ದರಂತೆ. ಆಮೇಲೆ ಪರಿಹಾರ ಕೇಂದ್ರದಲ್ಲಿ ಯಜಮಾನರು ಸಿಕ್ಕಿದರು. ತೋಟ ಹೋದದ್ದನ್ನು ಹೇಳಲಿಲ್ಲ, ದನಗಳ ಸುದ್ದಿ ಎತ್ತಲಿಲ್ಲ. "ಬಾಗಿಲು ಸರಿ ಮಾಡಿಸಿದ್ದೆ ಸರ್, ಆಮೇಲೆ ಚೆನ್ನಾಗಿ ಹಾಕಿಕೊಳ್ಳುತ್ತಿತ್ತು" ಎಂದರು. ಅದಕ್ಕೆ ಏನು ಉತ್ತರ ಕೊಡಬೇಕಿತ್ತು ಎಂದು ನಾನು ಇನ್ನೂ ಯೋಚಿಸುತ್ತಿದ್ದೇನೆ. ಹೊಸ ಬಾಗಿಲು ಮಾಡಿಸೋಣ ಬಿಡಿ ಎಂದೆ ಅನ್ನಿಸುತ್ತದೆ.

ಇಷ್ಟು ಉದ್ದ ಬರೆಯಬೇಕೆಂದು ಕುಳಿತವನಲ್ಲ. ಆದರೂ ಬರೆಯುತ್ತಿರುವಾಗಲೇ ಹೇಳಿಬಿಡುತ್ತೇನೆ, ಭಾಷಣ ಎಂದುಕೊಂಡರೆ ಭಾಷಣವೇ ಇರಲಿ. ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ ಸುಮಾರು 3,200 ಮಿಲಿಮೀಟರ್ ಮಳೆ, ನಮಗೆ ಮಳೆಯ ಭಯವಿಲ್ಲ. ಭಯಪಡಬೇಕಾದ್ದು ವಾರಗಟ್ಟಲೆ ಬಿಡದೆ ನೆನೆದ ಗುಡ್ಡದ ಮೇಲೆ ಬೀಳುವ ದೊಡ್ಡ ಮಳೆಗೆ. ಕೆಂಪುಮಣ್ಣು ಕುಡಿಯುವಷ್ಟು ಕುಡಿಯುತ್ತದೆ. ಅದರ ಕೆಳಗೆ ಶೇಡಿಮಣ್ಣು, ಆ ನುಣುಪಾದ ಜೇಡಿ, ಸಿಕ್ಕಿದರೆ ನೀರು ಅಲ್ಲಿ ನಿಂತು, ಮೇಲಿನ ಮಣ್ಣಿನ ಹಿಡಿತ ಸಡಿಲಿಸಿ, ಒಟ್ಟಿಗೇ ಜಾರಿಸುತ್ತದೆ. ಬರೆಯ ಮೇಲ್ಗಡೆ ಹತ್ತಿ ನೆಲದಲ್ಲಿ ಬಿರುಕಿದೆಯೇ ನೋಡು. ನೆಟ್ಟಗಿದ್ದ ಮರ ವಾಲಿದರೆ ನೋಡು. ಹಿಂದೆ ಇಲ್ಲದ ಕಡೆ ಒರತೆ ಎದ್ದರೆ, ತಿಳಿಯಾಗಿ ಬರುತ್ತಿದ್ದ ಒರತೆ ಕೆಂಪಗಾದರೆ ಅಲ್ಲಿ ನಿಲ್ಲಬೇಡ. ಮತ್ತು ನಿಮ್ಮ ಟರ್ಬೈನು. ಮಳೆ ಸುರಿಯುತ್ತಿರುವಾಗಲೇ ದೀಪಗಳು ಮಂಕಾದರೆ ಪೈಪಿಗೆ ಕಸ ಸಿಕ್ಕಿದೆ ಎಂದು ಟಾರ್ಚು ಹಿಡಿದು ತೊರೆಗೆ ಇಳಿಯಬೇಡ, ಯಾರನ್ನೂ ಇಳಿಸಬೇಡ. ಅಂಥ ಮಳೆಯಲ್ಲಿ ತೊರೆಯ ನೀರು ಕಡಿಮೆಯಾಗುವುದೆಂದರೆ ಮೇಲೆ ಎಲ್ಲೋ ಕುಸಿದ ಮಣ್ಣು ಅದಕ್ಕೆ ಅಡ್ಡ ನಿಂತಿರಬಹುದು. ಅದು ಒಡೆದಾಗ ಬರುವುದು ನೀರಷ್ಟೇ ಅಲ್ಲ. ಎಲ್ಲರನ್ನೂ ಎಬ್ಬಿಸಿ ತೊರೆಯಿಂದ ದೂರ, ಬರೆಯಿಂದಲೂ ದೂರ ಕರೆದುಕೊಂಡು ಹೋಗು. ದುಡ್ಡು ಕೊಟ್ಟು ಮಲಗಿದವರು ರೇಗುತ್ತಾರೆ. ರೇಗಲಿ. ಬೆಳಿಗ್ಗೆ ಏನೂ ಆಗದೆ ಎಲ್ಲರೂ ನಿನ್ನನ್ನು ನೋಡಿ ನಕ್ಕರೆ ತಿಂಡಿಯ ಜೊತೆ ಅದನ್ನೂ ನುಂಗು.

ಸುತ್ತ ಕಾಡಿದೆ, ಬೇರು ಮಣ್ಣು ಹಿಡಿಯುತ್ತದೆ ಎಂದು ನೀನು ಮೇಜಿನಲ್ಲಿ ವಾದಿಸಿದೆ. ಹಿಡಿಯುತ್ತದೆ, ಒಪ್ಪಿದೆ. ಬೇರು ಇಳಿದಷ್ಟು ಆಳದವರೆಗೆ ಹಿಡಿಯುತ್ತದೆ. ಬುಡವನ್ನೇ ಕಡಿದ ಗುಡ್ಡವನ್ನು ಯಾವ ಮರವೂ ಎತ್ತಿ ಹಿಡಿಯುವುದಿಲ್ಲ. 2018ರ ನಂತರ ಬಂದ ಭೂವಿಜ್ಞಾನಿಗಳು ಬೊಟ್ಟು ಮಾಡಿದ್ದೂ ಇಳಿಜಾರು ಕಡಿದದ್ದರ ಕಡೆಗೇ. 2020ರ ಆಗಸ್ಟ್‌ನಲ್ಲಿ ತಲಕಾವೇರಿಯಲ್ಲಿ ಗಜಗಿರಿ ಬೆಟ್ಟ ಅರ್ಚಕರ ಮನೆಯ ಮೇಲೆ ಬಂದಾಗ ಸುತ್ತ ಹಸಿರಿಗೇನು ಕೊರತೆಯಿತ್ತು? ನಮ್ಮ ಮನೆಯೂ ಇಳಿಜಾರಿನಲ್ಲೇ ಇದೆಯಲ್ಲ ಎಂದೂ ಕೇಳಿದೆ. ಇದೆ. ಹಿಂದೆ ತಡೆಗೋಡೆಯಿದೆ, ಅದರಲ್ಲಿ ನೀರು ಹೊರಬರಲು ತೂತುಗಳಿವೆ, ಪ್ರತಿ ಮೇ ತಿಂಗಳಲ್ಲಿ ನಾನು ಕಡ್ಡಿ ಹಾಕಿ ಅವನ್ನು ಬಿಡಿಸುತ್ತೇನೆ. ನೀನು ಚಿಕ್ಕವಳಿದ್ದಾಗ ಅದೇ ತೂತುಗಳಿಗೆ ಕಲ್ಲು ತುರುಕುತ್ತಿದ್ದೆ.

ಕೆಲಸ ಬಿಟ್ಟು ಬಾ ಎನ್ನುವುದಿಲ್ಲ. ಅಮ್ಮನಿಗೆ ಹಾಗೆ ಹೇಳಿಸಬೇಕೆಂಬ ಆಸೆಯಿದೆ, ಜೊತೆಗೆ ಮದುವೆಯ ವಿಷಯವನ್ನೂ ಸೇರಿಸಲು ಹೇಳಿದಳು, ಅದನ್ನು ನೀವಿಬ್ಬರೂ ಮಾತನಾಡಿಕೊಳ್ಳಿ. ನನ್ನ ಬೇಡಿಕೆ ಒಂದೇ. ಜುಲೈ, ಆಗಸ್ಟ್ ಎರಡು ತಿಂಗಳು ಆ ಕೊನೆಯ ಕಾಟೇಜಿನಲ್ಲಿ ಮಲಗಬೇಡ. ಕಂಬದ ಮೇಲಿನ ಕಾಟೇಜು ಖಾಲಿಯಿಲ್ಲದಿದ್ದರೆ ಊಟದ ಮನೆಯಲ್ಲಿ ಹಾಸಿಗೆ ಹಾಕಿಕೋ. ವ್ಯವಸ್ಥಾಪಕಿ ಊಟದ ಮನೆಯಲ್ಲಿ ಮಲಗಿದರೆ ಮರ್ಯಾದೆ ಹೋಗುವುದಿಲ್ಲ.

ಕಾಗದದ ಜೊತೆ ನನ್ನ ತೂಕದ ಗುಂಡು ಇಟ್ಟಿದ್ದೇನೆ, ಹಿತ್ತಾಳೆಯದು, ಜೋಪಾನ. ಚೌಕಟ್ಟಿನ ಮೇಲ್ತುದಿಗೆ ಮೊಳೆ ಹೊಡೆದು ಇಳಿಬಿಡು, ಅದರ ಮೊನೆ ನಿಂತ ಕಡೆ ನೆಲದಲ್ಲಿ ಗುರುತು ಹಾಕು, ವಾರಕ್ಕೊಮ್ಮೆ ನೋಡು. ಬಾಗಿಲಿನ ನಾಲ್ಕೂ ಮೂಲೆಯ ಸಂದು ಅಳೆದು ಬರೆದಿಡು. ಫೋಟೊ ತೆಗೆದು ಕಳುಹಿಸು, ನನಗೆ ಕಳುಹಿಸಲು ಇಷ್ಟವಿಲ್ಲದಿದ್ದರೆ ಅಮ್ಮನ ಮೊಬೈಲಿಗೆ. ಗುಂಡು ಜರುಗದೆ, ಸಂದು ಬದಲಾಗದೆ ಇದ್ದರೆ ಮರವೇ ಉಬ್ಬಿದ್ದು ಎಂದು ನಾನು ಒಪ್ಪುತ್ತೇನೆ, ಬೇಕಾದರೆ ಆ ಮೇಜಿನಲ್ಲೇ ಎಲ್ಲರೆದುರು ಒಪ್ಪುತ್ತೇನೆ. ತಡೆಗೋಡೆ ಕಟ್ಟುವವರೆಗೆ ಮಲಗುವುದು ಮಾತ್ರ ಅಲ್ಲಿ ಬೇಡ. ಅಲ್ಲಿಯವರೆಗೆ ಬಡಗಿಯನ್ನೂ ಕರೆಸಬೇಡ.

ಡಬ್ಬಿಯಲ್ಲಿರುವುದು ಕಾಡುಮಾವಿನ ಉಪ್ಪಿನಕಾಯಿ, ಚಿಕ್ಕ ಡಬ್ಬಿ ಜೀಪಿನ ಹುಡುಗನಿಗೆ. ಇನ್ನೊಂದು ಲಕೋಟೆಯಲ್ಲಿ ತಡೆಗೋಡೆಗೂ ಮೇಲಿನ ಚರಂಡಿಗೂ ಅಂದಾಜು ಪಟ್ಟಿ ಬರೆದಿದ್ದೇನೆ, ನಕ್ಷೆ ಸಮೇತ. ನಿನ್ನ ಮಾಲೀಕರು ಕೇಳಿದರೆ ಕೊಡು. ಕೇಳದಿದ್ದರೂ ಕೊಡು. ಅದಕ್ಕೆ ನನ್ನ ಶುಲ್ಕವೇನಿಲ್ಲ, ಗೋಡೆ ಎದ್ದ ಮೇಲೆ ಇನ್ನೊಂದು ರಾತ್ರಿ ಉಳಿಯಲು ಬಿಟ್ಟರೆ ಸಾಕು. ತೊರೆಯ ಪಕ್ಕದ ಕಾಟೇಜೇ ಆಗಬೇಕು.

ಅಪ್ಪ