ಸೋಸಿದ ಮೇಲೆ ಉಳಿದ ನೀರಿನ ಗತಿ ಏನು?

ಮಾನ್ಯ ಸಂಪಾದಕರೇ,

ನಮ್ಮ ಮುಧೋಳ ತಾಲ್ಲೂಕಿನ ಹಳ್ಳಿಯಲ್ಲಿ ಶುದ್ಧ ಕುಡಿಯುವ ನೀರಿನ ಘಟಕಕ್ಕೆ ಐದು ರೂಪಾಯಿ ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಳ್ಳುವ ನಾವು, ಅದರ ಹಿಂಬದಿಯ ಪೈಪಿನತ್ತ ಕಣ್ಣು ಹಾಯಿಸುವುದಿಲ್ಲ. ಆ ಪೈಪಿನ ಬಾಯಿಗೆ ಬಿಳಿ ಉಪ್ಪು ಗಟ್ಟಿಯಾಗಿ ಕಟ್ಟಿದೆ; ಘಟಕ ಹೊರಗೆ ಚೆಲ್ಲುವ ನೀರು ಗಟಾರಕ್ಕೆ ಬಿದ್ದು, ಹಳ್ಳ ಹಿಡಿದು ಘಟಪ್ರಭೆಯತ್ತ ಹರಿಯುತ್ತದೆ.

ಬರಿಯ ಉಪ್ಪಾದರೆ ಮಾತು ಬೇರೆ. ‘ಶಾಶ್ವತ ರಾಸಾಯನಿಕ’ಗಳೆಂದು ಕರೆಯುವ ಪಿಎಫ್‌ಎಎಸ್ ಗುಂಪಿನ ವಸ್ತುಗಳ ವಿಷಯದಲ್ಲಿ ಇದೇ ರೂಢಿ ಮುಂದುವರಿದರೆ ಅಪಾಯ ತಪ್ಪಿದ್ದಲ್ಲ. ನಾನ್‌ಸ್ಟಿಕ್ ಪಾತ್ರೆ, ನೀರು ಹಿಡಿಯದ ಬಟ್ಟೆ, ಪೆಟ್ರೋಲ್ ಬೆಂಕಿ ನಂದಿಸುವ ನೊರೆ, ಕ್ರೋಮ್ ಲೇಪನ ಮುಂತಾದ ಕಡೆ ಬಳಕೆಯಾಗುತ್ತ ಬಂದಿರುವ ಇವುಗಳಲ್ಲಿ ಇಂಗಾಲ ಮತ್ತು ಫ್ಲೋರಿನ್‌ಗಳ ಬೆಸುಗೆ ಎಷ್ಟು ಬಿಗಿಯೆಂದರೆ, ನೀರು ಕುದಿಸಿದರೂ ಕ್ಲೋರಿನ್ ಬೆರೆಸಿದರೂ ಅದು ಬಿಡುವುದಿಲ್ಲ. ಇದ್ದಿಲಿನ ಫಿಲ್ಟರ್ ಅವನ್ನು ಹಿಡಿದಿಡುತ್ತದೆ, ಒತ್ತಡದಿಂದ ನೀರು ಸೋಸುವ ಆರ್‌ಒ ಪೊರೆ ಹೊರಗೆ ಚೆಲ್ಲುವ ನೀರಿನತ್ತ ತಳ್ಳುತ್ತದೆ. ಎರಡೂ ನಾಶ ಮಾಡುವುದಿಲ್ಲ. ಸವೆದ ಇದ್ದಿಲನ್ನು ತಿಪ್ಪೆಗೆ ಎಸೆದರೆ ವಿಷ ಜಾಗ ಬದಲಿಸಿತು, ಅಷ್ಟೆ.

ನಾಶಪಡಿಸುವ ವಿಧಾನಗಳಿಲ್ಲವೆಂದಲ್ಲ. ನೀರನ್ನು 374 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾಯಿಸಿ, ವಾಯುಮಂಡಲದ 220 ಪಟ್ಟಿಗೂ ಹೆಚ್ಚು ಒತ್ತಡದಲ್ಲಿ ಆಮ್ಲಜನಕ ಕೊಟ್ಟರೆ ಆ ಬೆಸುಗೆ ಒಡೆದು ಇಂಗಾಲದ ಡೈಆಕ್ಸೈಡ್ ಮತ್ತು ಫ್ಲೋರೈಡ್ ಉಳಿಯುತ್ತವೆ. ವಿದ್ಯುತ್ ಹಾಯಿಸಿ ಒಡೆಯುವ ವಿಧಾನವೂ ಇದೆ. ಇಡೀ ನದಿಯ ನೀರಿಗೆ ಇಂಥ ಖರ್ಚು ಯಾರಿಗೂ ನಿಲುಕದು. ಆದರೆ ಸೋಸಿ ಉಳಿದ ನೀರಿನಲ್ಲಿ ವಿಷ ಸಾಂದ್ರವಾಗಿ ಸ್ವಲ್ಪ ಜಾಗದಲ್ಲಿ ಒಟ್ಟಾಗಿರುವುದರಿಂದ, ಅಲ್ಲಿ ಮಾತ್ರ ಈ ಕೆಲಸ ಕೈಗೂಡುತ್ತದೆ. ಅದನ್ನೇ ಗಟಾರಕ್ಕೆ ಬಿಟ್ಟರೆ, ಹಣ ಕೊಟ್ಟು ಬೇರ್ಪಡಿಸಿದ್ದನ್ನು ಮತ್ತೆ ನೀರಿಗೇ ಬೆರೆಸಿದಂತಾಗುತ್ತದೆ. ನನಗೆ ಅತ್ಯಂತ ನೋವು ತರುವ ಸಂಗತಿ ಇದೇ.

ಅಮೆರಿಕ 2024ರಲ್ಲಿ ಈ ಗುಂಪಿನ ಪಿಎಫ್‌ಒಎ, ಪಿಎಫ್‌ಒಎಸ್ ಎಂಬ ಎರಡಕ್ಕೆ ಲೀಟರ್ ಕುಡಿಯುವ ನೀರಿಗೆ ತಲಾ 4 ನ್ಯಾನೊಗ್ರಾಂ (ಒಂದು ನ್ಯಾನೊಗ್ರಾಂ ಎಂದರೆ ಗ್ರಾಂನ ನೂರು ಕೋಟಿಯಲ್ಲೊಂದು ಭಾಗ) ಮಿತಿ ಹಾಕಿತು. ನಮ್ಮ ಕುಡಿಯುವ ನೀರಿನ ಮಾನಕವಾದ ಐಎಸ್ 10500, 2012ರಲ್ಲಿ ಪರಿಷ್ಕೃತವಾದಾಗ ಇವುಗಳ ಹೆಸರೂ ಅದರಲ್ಲಿರಲಿಲ್ಲ. ಆದ್ದರಿಂದ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಕೈಗಾರಿಕಾ ಪ್ರದೇಶಗಳ ಕೆಳಹರಿವಿನಲ್ಲಿ ಮೊದಲು ನೀರಿನ ಪರೀಕ್ಷೆ ನಡೆಯಲಿ. ಲೋಹಲೇಪನ ಘಟಕಗಳ ತ್ಯಾಜ್ಯ ನೀರನ್ನು ಬೇರೆಯಾಗಿಯೇ ಶೇಖರಿಸುವ ವ್ಯವಸ್ಥೆಯಾಗಲಿ. ಇನ್ನು ಮುಂದೆ ನೀರಿನ ಘಟಕಗಳ ಟೆಂಡರ್ ಕರೆಯುವಾಗ, ಸವೆದ ಪೊರೆ, ಇದ್ದಿಲು ಮತ್ತು ಹೊರಬಿಡುವ ನೀರು ಎಲ್ಲಿಗೆ ಹೋಗಬೇಕೆಂಬುದನ್ನು ಷರತ್ತಿನಲ್ಲೇ ಬರೆಯಬೇಕೆಂದು ಸಂಬಂಧಪಟ್ಟ ಅಧಿಕಾರಿಗಳನ್ನು ವಿನಂತಿಸುತ್ತೇನೆ.

ಇಂತಿ,
ಓರ್ವ ಓದುಗ,
ಮುಧೋಳ ತಾಲ್ಲೂಕು, ಬಾಗಲಕೋಟೆ ಜಿಲ್ಲೆ