ಬಾನುಲಿಗಳು ಸರ್ವರ್ ಹಂಚಿಕೊಳ್ಳಲಿ

ಮಾನ್ಯರೇ,

ಸಮುದಾಯ ಬಾನುಲಿಗೆ ಸಾಮಾನ್ಯವಾಗಿ 100 ವ್ಯಾಟ್ ಮಿತಿ. ಹತ್ತು-ಹದಿನೈದು ಕಿಲೋಮೀಟರ್ ದಾಟಿದರೆ ದನಿ ಕರಗುತ್ತದೆ. ದುಡಿಯಲು ಊರು ಬಿಟ್ಟವರಿಗೆ ಅದು ಮುಟ್ಟಲು ಇಂಟರ್ನೆಟ್ಟೇ ದಾರಿ. ಅದಕ್ಕಾಗಿ ಬಾನುಲಿ ಕೇಂದ್ರಕ್ಕೊಂದು ಸರ್ವರ್ ಬಾಡಿಗೆ ಹಿಡಿಯುವುದು ದುಂದು. ಇಂಟರ್ನೆಟ್ಟಿನಲ್ಲಿ ನೇರ ಪ್ರಸಾರ ಮಾಡುವ ಉಚಿತ ಐಸ್‌ಕಾಸ್ಟ್ ತಂತ್ರಾಂಶ ಹಾಕಿದ ಒಂದೇ ಸರ್ವರ್‌ನಲ್ಲಿ ಪ್ರತಿ ಕೇಂದ್ರಕ್ಕೂ ಬೇರೆ ಮೌಂಟ್ (ಕೇಳುಗರು ಸೇರುವ ವಿಳಾಸ), ಬೇರೆ ಪಾಸ್‌ವರ್ಡ್ ಕೊಡಬಹುದು. ಸೆಕೆಂಡಿಗೆ 64 ಕಿಲೋಬಿಟ್ ವೇಗದ ಪ್ರಸಾರವಾದರೆ ನೂರು ಕೇಳುಗರಿಗೆ ಸರ್ವರ್‌ಗೆ ಸೆಕೆಂಡಿಗೆ ಸುಮಾರು 6.4 ಮೆಗಾಬಿಟ್ ವೇಗ ಬೇಕು; ಒಬ್ಬರಿಗೆ ಗಂಟೆಗೆ 29 ಎಂಬಿ ಡೇಟಾ ಖರ್ಚು.

ಕೇಂದ್ರದಲ್ಲಿ ಕರೆಂಟ್ ಹೋದರೆ ಅದರ ಕೇಳುಗರೆಲ್ಲರ ಸಂಪರ್ಕವೂ ಕಡಿಯುತ್ತದೆ. ಆಗ ಕೇಳುಗರು ಹೋಗುವ ಬದಲಿ ವಿಳಾಸಕ್ಕೆ (ಫಾಲ್‌ಬ್ಯಾಕ್ ಮೌಂಟ್) ಧ್ವನಿಮುದ್ರಿಕೆ ಜೋಡಿಸಿ, ಅವರನ್ನು ನೇರ ಪ್ರಸಾರಕ್ಕೆ ಮರಳಿಸುವ ಫಾಲ್‌ಬ್ಯಾಕ್-ಓವರ್‌ರೈಡ್ ಆಯ್ಕೆಯನ್ನು 1 ಎಂದಿಡಬೇಕು. ಇಲ್ಲದಿದ್ದರೆ ಕರೆಂಟ್ ಬಂದ ಮೇಲೂ ಕೇಳುಗರು ಮುದ್ರಿಕೆಯಲ್ಲೇ ಉಳಿಯುತ್ತಾರೆ. ಮುದ್ರಿಕೆಯ ಕೊಡೆಕ್ (ಧ್ವನಿಯನ್ನು ಕುಗ್ಗಿಸುವ ವಿಧಾನ), ಸ್ಯಾಂಪಲ್ ರೇಟ್ (ಸೆಕೆಂಡಿಗೆ ಧ್ವನಿಯ ಮಾದರಿಗಳ ಸಂಖ್ಯೆ) ನೇರ ಪ್ರಸಾರದ್ದೇ ಇರಲಿ. ಬೇರೆಯಾದರೆ ಎಷ್ಟೋ ಫೋನ್‌ಗಳಲ್ಲಿ ಸದ್ದು ನಿಲ್ಲುತ್ತದೆ.

ಉಪಕರಣಗಳಿಗೆ ಕೇಂದ್ರ ಸರ್ಕಾರ ಕೊಡುವ ಸಹಾಯಧನದಲ್ಲಿ ಇಂಥ ಹಂಚಿಕೆಯ ಸರ್ವರ್‌ಗೂ ಪಾಲು ಸಿಗಲೇಬೇಕು.

– ಸಮುದಾಯ ಬಾನುಲಿ ತಂತ್ರಜ್ಞರು