ಸುಟ್ಟ ಕಾಡನ್ನು ನೋಡಲು ಬನ್ನಿ

ಸ್ಯಾನ್ ಹೋಸೆ, ಕ್ಯಾಲಿಫೋರ್ನಿಯಾ

ತೀರ್ಥರೂಪು ಅಪ್ಪನಿಗೂ ಅಮ್ಮನಿಗೂ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಕ್ಷೇಮ. ಅಲ್ಲಿ ನೀವು, ಅಣ್ಣ, ಅತ್ತಿಗೆ, ಮಕ್ಕಳು ಎಲ್ಲರೂ ಚೆನ್ನಾಗಿದ್ದೀರಿ ಅಂತ ನಂಬಿದ್ದೇನೆ. ಅಮ್ಮ, ಮೊನ್ನೆ ಫೋನಿನಲ್ಲಿ ಬಿಗ್ ಬೇಸಿನ್ ಕಾಡಿನ ಮಾತು ಬಂದಾಗ ನೀನು "ಸುಟ್ಟುಹೋದ ಕಾಡಲ್ಲಿ ನೋಡೋಕೆ ಏನಿದೆ?" ಅಂದೆ. ಅಷ್ಟರಲ್ಲಿ ನಿನ್ನ ಮೊಮ್ಮಗಳು ಫೋನ್ ಕಿತ್ತುಕೊಂಡಳು. ಉತ್ತರ ಬಾಕಿ ಉಳಿಯಿತು. ಅದು ಫೋನಿನಲ್ಲಿ ಹೇಳಿ ಮುಗಿಸುವಂಥದ್ದೂ ಅಲ್ಲ. ಅದಕ್ಕೇ ಈ ಕಾಗದ.

ನಮ್ಮ ಮನೆಯಿಂದ ಕಾರಿನಲ್ಲಿ ಒಂದೂವರೆ ಗಂಟೆ ದಾರಿ. ಸಾರಟೋಗಾ ಊರು ದಾಟಿದ ಮೇಲೆ ಪೂರ್ತಿ ಘಾಟಿ ರಸ್ತೆ. ಬಿಗ್ ಬೇಸಿನ್ ಕ್ಯಾಲಿಫೋರ್ನಿಯಾದ ಅತ್ಯಂತ ಹಳೆಯ ಸ್ಟೇಟ್ ಪಾರ್ಕ್, 1902ರದ್ದು. ಆಗ ಈ ಬೆಟ್ಟಗಳಲ್ಲೆಲ್ಲ ರೆಡ್‌ವುಡ್ ಮರಗಳನ್ನು ಕಡಿದು ನಾಟಾ ಮಾಡುತ್ತಿದ್ದರು. ಆಂಡ್ರ್ಯೂ ಹಿಲ್ ಅಂತ ಒಬ್ಬ ಫೋಟೋಗ್ರಾಫರ್ ಮತ್ತು ಅವನ ಜೊತೆಯವರು ಹಟ ಹಿಡಿದು ಓಡಾಡಿ ಇಷ್ಟು ಕಾಡನ್ನು ಉಳಿಸಿದರು. ಇಲ್ಲಿನ ಕೆಲವು ಮರಗಳಿಗೆ ಸಾವಿರ ವರ್ಷಕ್ಕೂ ಜಾಸ್ತಿ ವಯಸ್ಸು. ಎತ್ತರ ಮುನ್ನೂರು ಅಡಿ ಹತ್ತಿರ. ಬುಡದಲ್ಲಿ ನಿಂತರೆ ತುದಿ ಕಾಣುವುದೇ ಇಲ್ಲ.

2020ರ ಆಗಸ್ಟ್‌ನಲ್ಲಿ ಮಳೆಯಿಲ್ಲದೆ ಬರೀ ಸಿಡಿಲು ಬಡಿದು ಬೆಂಕಿ ಹತ್ತಿತು. ಪಾರ್ಕಿನ ನೂರರಲ್ಲಿ ತೊಂಬತ್ತೇಳು ಭಾಗಕ್ಕೆ ಬೆಂಕಿ ಬಿತ್ತು. 1930ರ ದಶಕದಲ್ಲಿ ಮರದ ದಿಮ್ಮಿಗಳಲ್ಲೇ ಕಟ್ಟಿದ್ದ ಚೆಂದದ ಕಚೇರಿ ಪೂರ್ತಿ ಬೂದಿಯಾಯಿತು. ಎರಡು ವರ್ಷ ಒಳಗೆ ಯಾರನ್ನೂ ಬಿಡಲಿಲ್ಲ. 2022ರ ಜುಲೈನಲ್ಲಿ ಸ್ವಲ್ಪ ಭಾಗ ತೆರೆದರು. ಈಗ ಅಲ್ಲಿ ಕಾಣುವುದನ್ನು ನಿಮಗೆ ತೋರಿಸಬೇಕು ಅಂತ ನನಗೆ ಆಸೆ.

ಅಪ್ಪ, ನೀವು ಜೀವನವಿಡೀ ರೈಲ್ವೆ ವರ್ಕ್‌ಶಾಪಿನಲ್ಲಿ ಮರದ ಕೆಲಸ ಮಾಡಿದವರು. ಮರ ಮುಟ್ಟಿದರೆ ಅದರ ಜಾತಿ ಹೇಳುತ್ತೀರಿ. ಈ ರೆಡ್‌ವುಡ್ ಮರದ ತೊಗಟೆ ನೀವು ನೋಡಲೇಬೇಕು. ಕೆಲವು ಕಡೆ ಒಂದು ಅಡಿ ದಪ್ಪ ಇದೆ. ನಾರು ನಾರಾಗಿ, ಒತ್ತಿದರೆ ಮೆತ್ತಗೆ ಇರುತ್ತದೆ. ಪೈನ್ ಮರದ ಹಾಗೆ ಇದರಲ್ಲಿ ಅಂಟು ರಾಳ ಇಲ್ಲ. ಹಾಗಾಗಿ ಹೊರಗೆ ಸುಟ್ಟರೂ ಒಳಗಿನ ಜೀವಕ್ಕೆ ಬಿಸಿ ಬೇಗ ಮುಟ್ಟುವುದಿಲ್ಲ. ಪಕ್ಕದಲ್ಲಿದ್ದ ಡಗ್ಲಸ್ ಫರ್ ಮರಗಳಲ್ಲಿ ಬಹುಪಾಲು ಸತ್ತುಹೋದವು. ರೆಡ್‌ವುಡ್‌ಗಳಲ್ಲಿ ಹೆಚ್ಚಿನವು ಉಳಿದವು. ಸುಮ್ನೆ ಉಳಿದದ್ದಲ್ಲ, ಕರಿ ಕಾಂಡದ ಮೇಲೆ ಬುಡದಿಂದ ತುದಿಯವರೆಗೂ ಚಿಗುರು ಒಡೆದವು. ಮದುವೆ ಚಪ್ಪರದ ಕಂಬಕ್ಕೆ ಒತ್ತೊತ್ತಾಗಿ ಸೊಪ್ಪು ಸುತ್ತಿದ ಹಾಗೆ ಕಾಣುತ್ತವೆ.

ಆ ಮೊಗ್ಗುಗಳು ತೊಗಟೆಯ ಅಡಿಯಲ್ಲಿ ಮೊದಲೇ ಇದ್ದವಂತೆ, ಎಷ್ಟೋ ಕಾಲದಿಂದ ನಿದ್ದೆ ಮಾಡುತ್ತಾ. ಎಲೆ ಎಲ್ಲ ಸುಟ್ಟುಹೋದ ಮೇಲೆ ಚಿಗುರಲು ಆಹಾರ ಎಲ್ಲಿಂದ ಬಂತು ಅಂತ ವಿಜ್ಞಾನಿಗಳು ಪರೀಕ್ಷೆ ಮಾಡಿದರು. ದಶಕಗಳ ಹಿಂದೆ ಮರ ತನ್ನೊಳಗೆ ಕೂಡಿಟ್ಟುಕೊಂಡಿದ್ದ ಸಕ್ಕರೆ ಅದು. ನಾನು ಹುಟ್ಟುವ ಮೊದಲಿನ ಬಿಸಿಲಿನಲ್ಲಿ ಮಾಡಿಟ್ಟದ್ದೂ ಅದರಲ್ಲಿ ಇರಬಹುದು. ಇದನ್ನು ಓದಿದ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ ಅಪ್ಪ. ನಿಮಗೆ ಹೇಳಬೇಕು ಅನ್ನಿಸುತ್ತಲೇ ಇತ್ತು.

ಒಂದು ಮರದ ಬುಡ ಟೊಳ್ಳಾಗಿದೆ. ಹಿಂದೆ ಯಾವಾಗಲೋ ಬಿದ್ದ ಬೆಂಕಿಗೆ ಆದ ಪೊಟರೆ. ನಾವು ಮೂವರೂ ಅದರೊಳಗೆ ನಿಂತುಕೊಂಡೆವು. ಪುಟ್ಟಿ ಒಳಗೋಡೆ ಸವರಿದಳು, ಕೈ ತುಂಬಾ ಇದ್ದಿಲ ಮಸಿ. ಅದೇ ಕೈಯಲ್ಲಿ ಹೊರಗಿನ ಚಿಗುರು ಹಿಡಿದಳು. ಹೊಸ ಎಲೆ ತಿಳಿಹಸಿರು, ಚುಚ್ಚುವುದಿಲ್ಲ, ಉಗುರಿನಿಂದ ಗೀರಿದರೆ ನಿಂಬೆ ಸಿಪ್ಪೆಗೆ ಹತ್ತಿರದ ಒಂದು ವಾಸನೆ. ಬುಡದ ತೇವದಲ್ಲಿ ಬೆರಳುದ್ದದ ಹಳದಿ ಹುಳು ಒಂದು ಹರಿಯುತ್ತಿತ್ತು. ಬನಾನಾ ಸ್ಲಗ್ ಅಂತಾರೆ. ಅವಳು ಅಲ್ಲಿಂದ ಏಳಲೇ ಇಲ್ಲ.

ಅಲ್ಲಿ ನಿಂತಾಗ ನನಗೆ ಬಿಳಿಗಿರಿರಂಗನ ಬೆಟ್ಟ ನೆನಪಾಯಿತು. ಆಗ ಚಾಮರಾಜನಗರ ಇನ್ನೂ ಬೇರೆ ಜಿಲ್ಲೆ ಆಗಿರಲಿಲ್ಲ, ಬೆಟ್ಟ ನಮ್ಮ ಮೈಸೂರು ಜಿಲ್ಲೆಗೇ ಸೇರಿತ್ತು. ನಿಮ್ಮ ಸ್ನೇಹಿತರ ಜೀಪಿನಲ್ಲಿ ದೊಡ್ಡ ಸಂಪಿಗೆ ಮರ ನೋಡಲು ಹೋದೆವಲ್ಲ? ಪಕ್ಕದಲ್ಲಿ ಭಾರ್ಗವಿ ಹೊಳೆ. ಅಣ್ಣ ನೀರಿಗೆ ಇಳಿದು ಪ್ಯಾಂಟ್ ಒದ್ದೆ ಮಾಡಿಕೊಂಡ. ಮರದ ಹತ್ತಿರ ಬಂದ ಕೂಡಲೇ ನಮ್ಮ ಜೊತೆಗಿದ್ದ ಸೋಲಿಗ ಅಜ್ಜ ಚಪ್ಪಲಿ ಬಿಡಲು ಹೇಳಿದರು. ಗಂಟು ಗಂಟಾದ ಆ ಬುಡ, ಅದರ ಅಡಿಯಲ್ಲಿ ಸಾಲಾಗಿಟ್ಟ ದೇವರ ಕಲ್ಲುಗಳು. ಅಮ್ಮ ಅಲ್ಲಿ ಕಾಯಿ ಒಡೆದು ಎಲ್ಲರಿಗೂ ಚೂರು ಕೊಟ್ಟಳು.

ಆ ಅಜ್ಜ ತರಗು ಬೆಂಕಿ ಬಗ್ಗೆ ಹೇಳಿದ್ದು ನೆನಪಿದೆಯಾ? ಬೇಸಿಗೆ ಬಲಿಯುವ ಮೊದಲೇ ಒಣಗಿದ ತರಗೆಲೆಗೆ ಸಣ್ಣ ಬೆಂಕಿ ಇಡುತ್ತಿದ್ದರಂತೆ. ಎಲೆ ಮಾತ್ರ ಸುಡುತ್ತದೆ, ಮರಕ್ಕೆ ಏನೂ ಆಗುವುದಿಲ್ಲ. ಉಣ್ಣಿ ಹುಳುಗಳು ಸಾಯುತ್ತವೆ, ಹೊಸ ಹುಲ್ಲು ಬರುತ್ತದೆ, ಮರದ ಸಾರ ಹೀರುವ ಬದನಿಕೆ ಗಿಡ ನೆಲ್ಲಿಗೆ ಹತ್ತುವುದಿಲ್ಲ. 1974ರಲ್ಲಿ ಅಭಯಾರಣ್ಯ ಆದ ಮೇಲೆ ಅದನ್ನು ನಿಲ್ಲಿಸಿದರು. ಆಮೇಲೆ ಲಂಟಾನ ಕಳೆ ಆಳೆತ್ತರ ಬೆಳೆದು ಕಾಡನ್ನೇ ಮುಚ್ಚಿತು. ನೀವು ಆ ದಿನ ಅವರ ಪಕ್ಕ ಕೂತು ತುಂಬಾ ಹೊತ್ತು ಕೇಳಿದಿರಿ. ನಾವು ಮಕ್ಕಳು ಹೊರಡೋಣ ಅಂತ ಗಲಾಟೆ ಮಾಡುತ್ತಿದ್ದೆವು.

ಇಲ್ಲಿನ ಕಥೆಯೂ ಅದೇ ಅಪ್ಪ. ಈ ಬೆಟ್ಟಗಳ ಮೂಲನಿವಾಸಿಗಳೂ ಕಾಡಿಗೆ ಹೀಗೇ ಸಣ್ಣ ಬೆಂಕಿ ಇಡುತ್ತಿದ್ದರು. 1850ರಲ್ಲೇ ಅದಕ್ಕೆ ಶಿಕ್ಷೆ ಅಂತ ಕಾನೂನು ತಂದರು. ತರಗು, ಒಣ ಕಡ್ಡಿ ಎಲ್ಲ ಗುಡ್ಡೆ ಬಿದ್ದು, ಜೊತೆಗೆ ಬರವೂ ಸೇರಿ, ಸಿಡಿಲು ಬಡಿದಾಗ ಇಷ್ಟು ದೊಡ್ಡ ಬೆಂಕಿಯಾಯಿತು. ಈಗ ಅಮಾ ಮುತ್ಸುನ್ ಅಂತ ಒಂದು ಮೂಲನಿವಾಸಿ ಪಂಗಡದವರು ಸುತ್ತಲಿನ ಜಾಗಗಳಲ್ಲಿ ಮತ್ತೆ ಸಣ್ಣ ಬೆಂಕಿ ಇಡುವುದನ್ನು ಶುರುಮಾಡಿದ್ದಾರೆ. ನಮ್ಮ ಸೋಲಿಗರಿಗೂ 2011ರಲ್ಲಿ ಕಾಡಿನ ಹಕ್ಕು ಸಿಕ್ಕಿತು. ಅದರ ಜೊತೆಗೆ ತರಗು ಬೆಂಕಿ ಇಡಲೂ ಅವರಿಗೆ ಬಿಡಬೇಕು. ಅವರಿಗಿಂತ ಚೆನ್ನಾಗಿ ಆ ಬೆಟ್ಟ ಬಲ್ಲವರು ಯಾರಿದ್ದಾರೆ?

ಅಮ್ಮ, ಊಟದ ವಿಷಯ. ಪುಳಿಯೋಗರೆ ಕಟ್ಟಿಕೊಂಡೇ ಹೋಗೋಣ, ಆದರೆ ಅಲ್ಲಿ ಒಂದು ಅಗುಳೂ ಕೆಳಗೆ ಬೀಳಬಾರದು. ಮಾರ್ಬಲ್ಡ್ ಮರ್ಲೆಟ್ ಅಂತ ಒಂದು ಪುಟ್ಟ ಹಕ್ಕಿ ಇದೆ. ಸಮುದ್ರದಲ್ಲಿ ಮೀನು ತಿಂದು ಬದುಕುತ್ತದೆ, ಮೊಟ್ಟೆ ಇಡಲು ಮಾತ್ರ ಈ ಹಳೇ ಮರಗಳಿಗೆ ಬರುತ್ತದೆ. ಅದರ ಗೂಡು ಎಲ್ಲಿ ಅಂತ ಬಹಳ ಕಾಲ ಯಾರಿಗೂ ಗೊತ್ತಿರಲಿಲ್ಲ. 1974ರಲ್ಲಿ ಮರ ಹತ್ತಿದ ಕೆಲಸಗಾರನೊಬ್ಬನಿಗೆ ಇದೇ ಕಾಡಿನಲ್ಲಿ ಕಾಣಿಸಿತು. ನಾವು ಚೆಲ್ಲಿದ ತಿಂಡಿಗೆ ಕಾಗೆಯ ಜಾತಿಯ ಹಕ್ಕಿಗಳು ಸೇರುತ್ತವೆ. ಹಾಗೆ ಬಂದವು ಆ ಪಾಪದ ಹಕ್ಕಿಯ ಮೊಟ್ಟೆಯನ್ನೂ ತಿಂದುಬಿಡುತ್ತವೆ. ನಾವು ಊಟ ಮುಗಿಸಿದ ಮೇಲೆ ಪುಟ್ಟಿ ಬೆಂಚಿನ ಕೆಳಗೆ ಕೂತು ಅವಲಕ್ಕಿ ಒಂದೊಂದೇ ಹೆಕ್ಕಿ ಡಬ್ಬಿಗೆ ಹಾಕಿದಳು. ನೀನಿದ್ದಿದ್ದರೆ ಎಷ್ಟು ಹೆಮ್ಮೆ ಪಡುತ್ತಿದ್ದೆ!

ಅಪ್ಪನ ಮಂಡಿಯ ಬಗ್ಗೆ ಯೋಚನೆ ಬೇಡ. ದೊಡ್ಡ ಮರಗಳಿರುವ ಕಡೆ ದಾರಿ ಸಮತಟ್ಟಾಗಿದೆ, ಸುಮಾರು ಒಂದು ಕಿಲೋಮೀಟರ್ ಅಷ್ಟೇ. ಕುಕ್ಕರಹಳ್ಳಿ ಕೆರೆ ಸುತ್ತುವವರಿಗೆ ಅದು ಏನೂ ಅಲ್ಲ. ಏಪ್ರಿಲ್ ಕೊನೆಗೆ ಬಂದರೆ ಒಳ್ಳೆಯದು. ಮಳೆಗಾಲ ಮುಗಿದಿರುತ್ತದೆ, ತೊರೆಯಲ್ಲಿ ನೀರಿರುತ್ತದೆ. ನಿಮಗೆ ಮೈಸೂರಿನ ಬಿಸಿಲೂ ತಪ್ಪುತ್ತದೆ. ಕಾರು ನಿಲ್ಲಿಸುವ ಜಾಗವನ್ನು ಮೊದಲೇ ಬುಕ್ ಮಾಡುತ್ತೇನೆ. ಮರದ ಕೆಳಗೆ ಮಧ್ಯಾಹ್ನವೂ ಚಳಿ. ಇಬ್ಬರೂ ಸ್ವೆಟರ್ ತನ್ನಿ, ಅಮ್ಮ ಸೀರೆಗೆ ಶೂ ಹೊಂದಲ್ಲ ಅಂತ ಬೇಡ ಅನ್ನಬಾರದು.

ವೀಸಾಗೆ ಯಾವ ದಿನ ಸಿಗುತ್ತದೆ ಅಂತ ಈ ವಾರವೇ ನೋಡಲು ಅಣ್ಣನಿಗೆ ಹೇಳಿ. ಅಪ್ಪನ ಪಾಸ್‌ಪೋರ್ಟ್ ಅವಧಿ ಎಲ್ಲಿಯವರೆಗೆ ಇದೆ ಅಂತಲೂ ನೋಡಲಿ. ಅತ್ತಿಗೆಗೂ ಮಕ್ಕಳಿಗೂ ನನ್ನ ನೆನಪು ತಿಳಿಸಿ. ನಿಮ್ಮ ಉತ್ತರಕ್ಕೆ ಕಾಯುತ್ತಿರುತ್ತೇನೆ.

ಇಂತಿ ನಿಮ್ಮ ಪ್ರೀತಿಯ ಮಗಳು